ಪರದೆಯ ಮೇಲಿಲ್ಲದ ಆಫ್

ದೆವ್ವ, ಪವಾಡ, ಅಶರೀರವಾಣಿ ಮುಂತಾದ ಇಲಾಖೆಗಳೊಂದಿಗೆ ನನಗೆ ವ್ಯವಹಾರವಿರಲಿಲ್ಲ. ಯಾರಾದರೂ ಅಂಥ ಕತೆ ತೆಗೆದರೆ ಸಭ್ಯತೆಗಾಗಿ ಕೇಳಿಸಿಕೊಂಡು, ಕೊನೆಗೆ ನಕ್ಕುಬಿಡುತ್ತಿದ್ದೆ. ಆದ್ದರಿಂದ ಈಗ ನೀವು ನನ್ನ ಮಾತು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ನಾವು ವಲಸೆ ಬಂದಿದ್ದ ಹೊರದೇಶದ ಊರು ಬರ್ಲಿಂಗ್ಟನ್ನಿನ ಒಂದು ಸಾಸ್ ಕಾರ್ಖಾನೆ, ಭಾನುವಾರ ಮಧ್ಯಾಹ್ನ. ಒಳಗಿದ್ದವರು ಇಬ್ಬರೇ: ಯಂತ್ರಗಳನ್ನು ಬೆರಳೊತ್ತಿ ನಡೆಸುವ ಆಪರೇಟರ್ ಪರದೆಗಳಿಗೆ ಪ್ರೋಗ್ರಾಂ ಬರೆಯುವ ನಾನು, ಮತ್ತು ಧಾರವಾಡದ ಫಿಟ್ಟರ್ ವೀರಣ್ಣ. ಅವನು ದೊಡ್ಡ ಟ್ಯಾಂಕಿಗಿಳಿದು, ಒಳಗೆ ನೀರು ಚಿಮ್ಮುವ ನಳಿಕೆ ಬದಲಿಸಬೇಕಿತ್ತು. ಆ ಟ್ಯಾಂಕನ್ನು ತೊಳೆಯುವ ಕುದಿಯುವ ಕಾಸ್ಟಿಕ್ ಕ್ಷಾರದ ನೀರು ಮಾಳಿಗೆಯ ತೊಟ್ಟಿಯಿಂದ ತಾನಾಗಿ ಇಳಿದು ಬರುತ್ತದೆ. ನಡುವೆ ಇರುವುದು ಒಂದೇ ವಾಲ್ವು. ಅದಕ್ಕೆ ಪರದೆಯಲ್ಲಿ ಒಂದು ಸೆಲೆಕ್ಟರ್ ಸ್ವಿಚ್ಚು. ಹ್ಯಾಂಡ್ ಎಂದರೆ ವಾಲ್ವು ತೆರೆಯುತ್ತದೆ, ಆಫ್ ಎಂದರೆ ಮುಚ್ಚುತ್ತದೆ, ಆಟೋ ಎಂದರೆ ತೆರೆಯುವುದೂ ಮುಚ್ಚುವುದೂ ಯಂತ್ರದ ಇಚ್ಛೆ.

ನಿಯಮದ ಪ್ರಕಾರ ಒಳಗಿಳಿಯುವವನು ವಾಲ್ವಿಗೆ ತನ್ನ ಬೀಗ ಜಡಿಯಬೇಕು. ಟ್ಯಾಂಕಿನ ಬಾಯಿಯಲ್ಲಿ ಇನ್ನೊಬ್ಬ ಕಾವಲು ನಿಲ್ಲಬೇಕು. ವೀರಣ್ಣನ ಬೀಗ ಅವನ ಸೊಂಟದಲ್ಲೇ ತೂಗುತ್ತಿತ್ತು. “ಸ್ಕ್ರೀನ್‌ನ್ಯಾಗ ಆಫ್ ಐತಲ್ರೀ ಸರ, ಮ್ಯಾಲ್ ಹತ್ತಿ ಬೀಗ ಹಾಕೂದ್ರಾಗ ಕೆಲಸಾನ ಮುಗೀತೈತಿ,” ಎಂದು ಇಳಿದೇಬಿಟ್ಟ. ಕಾವಲಿಗೆ ನಿಂತ ಮಹಾನುಭಾವ ನಾನು. ಹತ್ತು ನಿಮಿಷ ನಿಂತೆ. ಆಮೇಲೆ, ಹೊಸದಾಗಿ ಬರೆದ ಪರದೆಯನ್ನು ಅಷ್ಟರಲ್ಲಿ ಲೋಡ್ ಮಾಡಿಬಿಡೋಣ ಎಂಬ ದಿವ್ಯ ಆಲೋಚನೆ ಬಂದು ಕಂಟ್ರೋಲ್ ರೂಮಿಗೆ ಹೋದೆ.

ಹೊಸ ಪರದೆ ಬೆಳಗಿತು. ಸ್ವಿಚ್ಚು ಆಟೋದಲ್ಲಿತ್ತು. ವಾಲ್ವಿನ ಚಿತ್ರ ಹಸಿರಾಯಿತು, ಅಂದರೆ ತೆರೆಯುತ್ತಿದೆ. ಆಫ್ ಒತ್ತಲು ಬೆರಳು ಚಾಚಿದೆ. ಆಫ್ ಇರಲಿಲ್ಲ. ಬೇರೆ ಯಂತ್ರದ ಪರದೆಯಿಂದ ಹ್ಯಾಂಡ್, ಆಟೋ ಎರಡೇ ಸ್ಥಾನವಿದ್ದ ಸ್ವಿಚ್ಚನ್ನು ನಕಲು ಮಾಡಿ ಅಂಟಿಸಿದ್ದೆ; ಮೂರನೆಯದನ್ನು ಸೇರಿಸಲು ಮರೆತಿದ್ದೆ. ಗೋಡೆಯ ಮೇಲಿದ್ದ ತುರ್ತು ನಿಲುಗಡೆಯ ಕೆಂಪು ಗುಂಡಿಯನ್ನು ಗುದ್ದಿದೆ. ಅದು ಪಂಪುಗಳನ್ನು ನಿಲ್ಲಿಸುತ್ತದೆಯೇ ಹೊರತು ಮೇಲಿನಿಂದ ಇಳಿಯುವ ನೀರನ್ನಲ್ಲ.

ಓಡಿದೆ. ತಲೆಯ ಮೇಲಿನ ಪೈಪಿನಲ್ಲಿ ನೀರಿನ ಗುಡುಗುಡು ನನಗಿಂತ ಮುಂದೆ ಓಡುತ್ತಿತ್ತು. ಅವನ ಹೆಂಡತಿಗೆ ಏನೆಂದು ಫೋನ್ ಮಾಡಲಿ? ಅಲ್ಲಿಯವರೆಗೆ ಒಂದು ದೀಪವನ್ನೂ ಹಚ್ಚದಿದ್ದ ದೇವರುಗಳನ್ನೆಲ್ಲ ಹೆಸರು ಹಿಡಿದು ಬೇಡಿದೆ. ಹೆಸರುಗಳೂ ಬೇಗ ಮುಗಿದುಹೋದವು.

ಟ್ಯಾಂಕಿನ ಬಾಯಿಗೆ ಬಾಗುವ ಹೊತ್ತಿಗೆ ಮೇಲೆ ವಾಲ್ವು ಠಪ್ಪೆಂದು ಮುಚ್ಚಿಕೊಂಡಿತು. ನಳಿಕೆಯಿಂದ ನಾಲ್ಕೈದು ಹನಿ ವೀರಣ್ಣನ ರಬ್ಬರ್ ಬೂಟಿನ ಮೇಲೆ ಬಿದ್ದವು, ಅಷ್ಟೇ. ಅವನು ತಲೆಯೆತ್ತಿ, “ಯಾಕ್ರೀ ಸರ, ಹುಲಿ ಬೆನ್ನ ಹತ್ತೇತೇನ?” ಎಂದ. ಅವನ ಕಾಲರು ಹಿಡಿದು ಹೊರಗೆಳೆದುಕೊಂಡು, ನೆಲದ ಮೇಲೆ ಕೂತು ಅತ್ತೆ.

ಪರದೆಯು ತನ್ನ ಮೇಲೆ ಒತ್ತಿದ್ದನ್ನೆಲ್ಲ ಬರೆದಿಡುತ್ತದೆ. ನಾನು ಕೆಂಪು ಗುಂಡಿ ಗುದ್ದಿದ ಹನ್ನೊಂದನೆಯ ಸೆಕೆಂಡಿಗೆ ಒಂದು ಸಾಲಿತ್ತು: ಸೆಲೆಕ್ಟರ್, ಆಫ್, ಪರದೆಯಿಂದ ಒತ್ತಲಾಗಿದೆ. ಕೋಣೆಯಲ್ಲಿ ಯಾರೂ ಇರಲಿಲ್ಲ. ಪರದೆಯಲ್ಲಿ ಆಗಲೂ ಇದ್ದದ್ದು ಎರಡೇ ಸ್ಥಾನ.

ನನ್ನ ತಪ್ಪನ್ನು ಬರೆದುಕೊಟ್ಟೆ, ಶಿಕ್ಷೆಯೂ ಆಯಿತು. ಮ್ಯಾನೇಜರು ಆ ಸಾಲನ್ನು ನೋಡಿ “ಗ್ಲಿಚ್, ಯಂತ್ರದ ಎಡವಟ್ಟು” ಎಂದು ಪಕ್ಕಕ್ಕಿಟ್ಟರು. ನಾನು ಅದೇ ಪ್ರೋಗ್ರಾಮನ್ನು ಮನೆಯಲ್ಲಿ ನೂರಾರು ಸಲ ಓಡಿಸಿದೆ. ಆ ಸಾಲು ಮತ್ತೆ ಬರಲಿಲ್ಲ.

ಆ ವರ್ಷದ ಯುಗಾದಿಗೆ ಹತ್ತಿರದ ಸ್ಕಾರ್‌ಬರೋದಲ್ಲಿ ನಮ್ಮ ಕನ್ನಡದವರೆಲ್ಲ ಸೇರಿದ್ದಾಗ ವೀರಣ್ಣನ ಹೆಂಡತಿ ನನ್ನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕುತ್ತ, “ನೀವು ಆಫ್ ಮಾಡಿರಲಿಲ್ಲಂದ್ರ ನಮ್ಮ ಗತಿ ಏನಾಗ್ತಿತ್ರೀ ಅಣ್ಣಾರ,” ಎಂದರು.

“ತೆರೆದದ್ದು ನಾನಮ್ಮ. ಮುಚ್ಚಿದ್ದು ನಾನಲ್ಲ,” ಎಂದೆ.

“ಮತ್ತ ಯಾರ್ರೀ?”

ಗೊತ್ತಿಲ್ಲ ಎಂದೆ. ನಾನೇ ಬರೆದ ಪರದೆಯ ಬಗ್ಗೆ ನಾನು ಆ ಉತ್ತರ ಕೊಟ್ಟದ್ದು ಅದೊಂದೇ ಸಲ. ಅವರು ನಗಲಿಲ್ಲ.