ಸಿಟ್ಟಾಗುವಂತಿಲ್ಲದ ನಂಟು

ಸಿಟ್ಟು ಬಂದರೆ ನಾನು ಮುಖದ ಮೇಲೇ ಬೈಯುವವಳು. ಬಾವುಲೆ ಪಂಗಡದ ಜನ ನಾವು, ಒಳಗೊಂದು ಹೊರಗೊಂದು ಇಲ್ಲ. ನನ್ನ ಗಂಡ ನಾಂಗಾ ಸೆನುಫೊ ಪಂಗಡದವನು. ಹಗಲೆಲ್ಲ ಅಬಿಜಾನ್ ಬಂದರಿನಲ್ಲಿ ಕೋಕೋ ಮೂಟೆ ಹೊತ್ತು, ಸಂಜೆ ವಾದ್ಯತಂಡದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದ. ಹಾಡುತ್ತಿದ್ದವನು ತಿಯಾ, ಯಾಕುಬಾ ಪಂಗಡ.

ಸೆನುಫೊಗಳಿಗೂ ಯಾಕುಬಾಗಳಿಗೂ ತಲೆತಲಾಂತರದ ತಮಾಷೆಯ ನಂಟು. ಒಬ್ಬರಿಗೊಬ್ಬರು ಏನು ಬೇಕಾದರೂ ಅನ್ನಬಹುದು, ಅನ್ನಿಸಿಕೊಂಡವನು ಸಿಟ್ಟಾಗುವಂತಿಲ್ಲ. ಸಿಟ್ಟಾದರೆ ಹಿರಿಯರ ಶಾಪ ತಟ್ಟುತ್ತದಂತೆ. ತಿಯಾ ನನ್ನ ಗಂಡನನ್ನು ಗುಲಾಮ ಅಂತಲೇ ಕರೆಯುತ್ತಿದ್ದ. ಇವನೂ ಅವನನ್ನು ಹಾಗೇ ಕರೆಯುತ್ತಿದ್ದ.

ಫ್ರೆಂಚಿನಲ್ಲೇ ಫಂಕ್, ರೆಗೇ ಹಾಡಿ ಮೂರೇ ವರ್ಷಕ್ಕೆ ಮನೆಮಾತಾದರು. ನಾನೊಂದು ಮೀನೂಟದ ಅಂಗಡಿ ಇಟ್ಟಿದ್ದೆ, ಅಲ್ಲಿ ತಿನ್ನುವವರು ಕೂತಲ್ಲೇ ಕಾಲು ಕುಣಿಸುತ್ತಿದ್ದರು. ಅದರಲ್ಲೂ ಆ ಒನಕೆ ಹಾಡಿಗೆ! ಅತ್ತೆ ತೀರಿಕೊಂಡಾಗ ಅವಳ ಒನಕೆಯ ಸದ್ದು ನೆನೆಸಿಕೊಂಡು ನಾಂಗಾ ಕಟ್ಟಿದ ಹಾಡು ಅದು. ನನ್ನ ಅಡುಗೆಮನೆಯಲ್ಲಿ, ನನ್ನ ಕಣ್ಣೆದುರೇ. ನಡುವೆ ಅವಳ ಹೆಸರೂ ಬರುತ್ತಿತ್ತು.

ತಿಯಾ ಒಬ್ಬನೇ ಪ್ಯಾರಿಸ್ಸಿಗೆ ಹೋಗಿ ಆ ಹಾಡನ್ನು ರೆಕಾರ್ಡು ಮಾಡಿಸಿ ತಂದ. ಮಾತು, ರಾಗ, ಎಲ್ಲ ತಿಯಾ ಅಂತ ಅಚ್ಚಾಗಿತ್ತು. ಹಾಡಿನಿಂದ ಅತ್ತೆಯ ಹೆಸರನ್ನೂ ಕಿತ್ತು ಹಾಕಿದ್ದ. ನನ್ನ ಅಂಗಡಿಯಲ್ಲಿ, ತಂಡದವರೆಲ್ಲರ ಎದುರು ನಾಂಗಾ ಕೇಳಿದ್ದಕ್ಕೆ ತಿಯಾ ಹಲ್ಲು ಕಿರಿದ.

"ಗುಲಾಮಂಗೂ ಒಂದು ಹೆಸರಾ? ಸುಮ್ನಿರೋ."

ಎಲ್ಲರೂ ನಕ್ಕರು. ನನ್ನ ಗಂಡನೂ ನಕ್ಕ. ನನಗೆ ಮೈಯೆಲ್ಲ ಉರಿದುಹೋಯಿತು, ಸೌಟು ಹಿಡಿದು ಎದ್ದೆ.

"ಬೇಡ ಕಣೇ," ಅಂತ ಕೈ ಹಿಡಿದ. "ಸಿಟ್ಟಾದ್ರೆ ತಪ್ಪು ನಂದೇ ಆಗುತ್ತೆ."

ಕದಿಯೋದೂ ತಮಾಷೆಯೇನ್ರಿ? ಮಾರನೇ ದಿನದಿಂದ ಗಿಟಾರ್ ಮಂಚದಡಿ ಸೇರಿತು. ಬೇಸ್ ಇಲ್ಲದೆ ಎಂಥ ರೆಗೇ? ವರ್ಷದೊಳಗೆ ತಂಡ ಒಡೆಯಿತು. ಹಾಳು ಜನ ನನ್ನ ಗಂಡನಿಗೇ ಹೊಟ್ಟೆಕಿಚ್ಚು ಅಂದರು. ಇಪ್ಪತ್ತೆರಡು ವರ್ಷ ಅವನು ಬರೀ ಮೂಟೆ ಹೊತ್ತ.

ಹೋದ ತಿಂಗಳು ತಿಯಾ ಸತ್ತ. ಸಾವಿನ ಮನೆಗೆ ತಮಾಷೆಯ ನಂಟ ಹೋಗಿ ಹೆಣವನ್ನು ಬೈದು, ಅಳುವವರನ್ನು ನಗಿಸಬೇಕು. ತಿಯಾನ ಮಗಳು ತಾನೇ ಬಂದು, ದೊಡ್ಡಪ್ಪ ನೀವೇ ಬರಬೇಕು ಅಂತ ಕರೆದಳು. ಹೋದೆವು. ನಾಂಗಾ ಪೆಟ್ಟಿಗೆಯ ಎದುರು ನಿಂತ. ಅವನ ಸಿಟ್ಟನ್ನು ನಾನು ಕಂಡಿದ್ದು ಅವತ್ತೇ ಮೊದಲು.

"ಕಳ್ಳ ಕಣೋ ನೀನು. ನನ್ನವ್ವನ ಹಾಡು ಕದ್ದೆ. ಎದ್ದು ಅವಳ ಹೆಸರು ಹೇಳು, ಆಮೇಲೆ ಸಾಯಿ."

ಜನ ಬಿದ್ದು ಬಿದ್ದು ನಕ್ಕರು. ಮಗಳು ಕಣ್ಣೊರೆಸಿಕೊಂಡು, ನಂಟ ಅಂದರೆ ಹೀಗಿರಬೇಕು ಅಂದಳು. ನಾಂಗಾ ಅದನ್ನೇ ಮತ್ತೊಮ್ಮೆ ಹೇಳಿದ. ಇನ್ನೂ ಜೋರಾಗಿ ನಕ್ಕರು.