ಮೈಕ್‌ಸೆಟ್ ಅಣ್ಣನ ಉಂಗುರದ ಸದ್ದು

ಹೊಸ ರೆಕಾರ್ಡಿನ ಪ್ಲಾಸ್ಟಿಕ್ ಹೊದಿಕೆಯನ್ನು ನನ್ನ ಟೈಲರಿಂಗ್ ಕತ್ತರಿಯಿಂದಲೇ ಸೀಳಿದೆ. ಒಳಗಿನ ಕಾಗದದ ಚೀಲದಿಂದ ಕಪ್ಪು ತಟ್ಟೆ ಹೊರಗೆ ಬಂದ ಕೂಡಲೇ ಮೂಗಿಗೆ ಬಡಿದ ವಾಸನೆ... ಹೊಸ ಚಪ್ಪಲಿಯದೂ ಅಲ್ಲ, ಬಿಸಿಯಾದ ವೈರಿನದೂ ಅಲ್ಲ, ಎರಡರ ನಡುವಿನದು. ಗಾವಡಗೆರೆಯಲ್ಲಿ ನಮ್ಮಮ್ಮನ ಹೊಲಿಗೆ ಅಂಗಡಿಗೆ ಅಂಟಿಕೊಂಡಂತೆ ಒಂದು ಮೈಕ್‌ಸೆಟ್ ಅಂಗಡಿ ಇತ್ತು. ಅಲ್ಲಿ ಬಾಗಿಲು ತೆಗೆದರೆ ಇದೇ ವಾಸನೆ. ಆಗ ನಾವು ಯಾರೂ ಇದನ್ನು ರೆಕಾರ್ಡು, ವಿನೈಲು ಅನ್ನುತ್ತಿರಲಿಲ್ಲ. ಪ್ಲೇಟು ಅನ್ನುತ್ತಿದ್ದೆವು.

ಐವತ್ತರ ಹತ್ತಿರ ಬಂದ, ಹುಣಸೂರಿನಲ್ಲಿ ರವಿಕೆ ಹೊಲಿದುಕೊಂಡಿರುವ ಹೆಂಗಸಿಗೆ ಪ್ಲೇಟಿನ ಹುಚ್ಚು ಯಾಕೆ ಎಂದು ಕೇಳುವವರಿದ್ದಾರೆ. ಕೇಳಲಿ. ಮೈಸೂರಿನ ಒಂದು ಬ್ಯಾಂಡು ನನಗೆ ಪ್ರಾಣ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಹೀಗೆ ನಾಲ್ಕು ತಾಲ್ಲೂಕಿನ ಅಭಿಮಾನಿಗಳದು ಒಂದು ಗ್ರೂಪಿದೆ. ಅದರಲ್ಲಿ ಎಲ್ಲರಿಗಿಂತ ಹಿರಿಯಳು ನಾನು, ಆದ್ದರಿಂದ ಎಲ್ಲರಿಗೂ ಅಕ್ಕ. ಮೊಬೈಲ್ ರಿಪೇರಿ ಮಾಡುವ ಪಿರಿಯಾಪಟ್ಟಣದ ತಮ್ಮ ಗುಜರಿಯಿಂದ ಒಂದು ಪ್ಲೇಯರ್ ತಂದು ಜೀವ ಕೊಟ್ಟಿದ್ದಾನೆ. ಅದು ಒಂದೊಂದು ವಾರ ಒಂದೊಂದು ತಾಲ್ಲೂಕಿನಲ್ಲಿ ಸಂಸಾರ ಮಾಡುತ್ತದೆ.

ಈ ಸಲ ಬ್ಯಾಂಡಿನವರಷ್ಟೇ ಹಾಡಿಲ್ಲ. ವೀರನಹೊಸಹಳ್ಳಿಯ ಕಡೆ, ಕಾಡಂಚಿನ ಒಂದು ಗಿರಿಜನ ಹಾಡಿಯ ಹೆಂಗಸರ ಜೊತೆ ಸೇರಿ ಆಲ್ಬಮ್ ಮಾಡಿದ್ದಾರೆ. ಪ್ಲೇಟು ಎರಡು ಬಗೆಯಲ್ಲಿ ಬಂತು, ಒಂದು ಕಪ್ಪು, ಇನ್ನೊಂದು ಜೇನುತುಪ್ಪದ ಬಣ್ಣದ್ದು. ಯಾವುದು ಚೆಂದ ಅಂತ ನಮ್ಮ ಗ್ರೂಪಿನಲ್ಲಿ ಎರಡು ವಾರ ಜಗಳ ನಡೆಯಿತು. ನಾನು ಕಪ್ಪಿನ ಪಕ್ಷ. ಪ್ಲೇಟು ಅಂದಮೇಲೆ ಕಪ್ಪಗಿರಬೇಕು, ಮುಗಿಯಿತು.

ಬಣ್ಣದ ಜಗಳ ಮುಗಿಯುವಷ್ಟರಲ್ಲಿ ಬೇರೆ ಗಲಾಟೆ ಶುರುವಾಯಿತು. ಎರಡನೇ ಮಗ್ಗುಲಿನ ಮೊದಲ ಹಾಡಿಗೆ ಮುಂಚೆ ಏನೋ ಟಕ್ ಟಕ್ ಅನ್ನುತ್ತದೆ ಎಂದು ಎಚ್.ಡಿ. ಕೋಟೆಯ ನರ್ಸಮ್ಮ ಗ್ರೂಪಿನಲ್ಲಿ ಬರೆದಳು. ಮೊಬೈಲಿನಲ್ಲಿ ಕೇಳಿದರೆ ಆ ಸದ್ದಿಲ್ಲ. ಹಾಗಾದರೆ ಪ್ಲೇಟೇ ಕೆಟ್ಟದ್ದು ಎಂದು ಎಲ್ಲರೂ ತೀರ್ಮಾನ ಮಾಡಿಬಿಟ್ಟರು. ದೂರು ಬ್ಯಾಂಡಿನವರ ತನಕ ಹೋಯಿತು. ಅವರೂ ಅದನ್ನು ಆ ಹಾಡಿಗೆ ಬಳಸಿದ ಹಳೇ ಕ್ಯಾಸೆಟ್ಟಿನ ಕೆಟ್ಟ ಸದ್ದು ಅಂದುಕೊಂಡಿದ್ದರು, ಮೊಬೈಲಿಗೆ ಹಾಕುವಾಗ ತೆಗೆದದ್ದು ಪ್ಲೇಟಿನಲ್ಲಿ ಉಳಿದುಬಿಟ್ಟಿತ್ತಂತೆ. ಮುಂದಿನ ವಾರ ಎರಡನೇ ಸಲ ಪ್ಲೇಟು ಒತ್ತಿಸುತ್ತೇವೆ, ಆಗ ಅದನ್ನು ಕತ್ತರಿಸಿ ತೆಗೆಯುತ್ತೇವೆ ಎಂದು ಉತ್ತರ ಕೊಟ್ಟರು. ನನ್ನ ಪ್ರತಿ ಬಂದದ್ದೂ, ಪ್ಲೇಯರ್ ಹುಣಸೂರಿಗೆ ಬಂದದ್ದೂ ಅದೇ ದಿನ.

ಪ್ಲೇಯರ್ ಇಳಿಸಿದ ಪಿರಿಯಾಪಟ್ಟಣದ ತಮ್ಮ, "ನಿಂದೂ ಡಿಫೆಕ್ಟೇ ಇರ್ತದೆ ಬುಡಕ್ಕ, ವಾಪಸ್ ಕಳ್ಸನ," ಎಂದ. ನಾನು ಮುಳ್ಳನ್ನು ಎರಡನೇ ಮಗ್ಗುಲಿನ ಮೇಲಿಟ್ಟೆ. ಟಕ್ ಟಕ್. ಒಂದು ಬಿಡುವು. ಆಮೇಲೆ ಇನ್ನೊಂದು ಟಕ್. 

ಅದು ಮೈಕ್‌ಸೆಟ್ ಅಣ್ಣನ ಉಂಗುರ.

ಅಮ್ಮನ ಅಂಗಡಿಗೆ ಅಂಟಿಕೊಂಡಿದ್ದ ಆ ಅಂಗಡಿ ಅವರದು. ಬಲಗೈಯಲ್ಲಿ ದಪ್ಪನೆಯ ತಾಮ್ರದ ಉಂಗುರವಿತ್ತು. ಮದುವೆ ಮನೆಯಾಗಲಿ, ಸೊಸೈಟಿ ಸಭೆಯಾಗಲಿ, ಮೈಕು ಜೋಡಿಸಿದ ಮೇಲೆ ಊರಿನವರೆಲ್ಲ ಅದಕ್ಕೆ ಬಾಯಿಟ್ಟು ಊದುತ್ತಾರಲ್ಲ, ಹಾಗೆ ಅವರು ಊದುತ್ತಿರಲಿಲ್ಲ. ಯಾರಾದರೂ ಊದಿದರೆ ಕೆಂಡಾಮಂಡಲವಾಗುತ್ತಿದ್ದರು. ಉಂಗುರದಿಂದ ಎರಡು ಸಲ ಬಡಿದು, ಕತ್ತು ವಾರೆ ಮಾಡಿ ಕೇಳಿ, ಸರಿಯಿದೆ ಅನ್ನಿಸಿದರೆ ಮೂರನೆಯದು ಬಡಿಯುತ್ತಿದ್ದರು. ಬಡಿತಗಳ ನಡುವಿನ ಆ ಬಿಡುವು ಅವರು ಕತ್ತು ವಾರೆ ಮಾಡುತ್ತಿದ್ದ ಹೊತ್ತು.

ತೆಳ್ಳಗಿನ ಮನುಷ್ಯ, ಹೆಗಲ ಮೇಲೆ ಸದಾ ಒಂದು ಟವೆಲ್ಲು. ಪ್ಲೇಟನ್ನು ಎರಡೂ ಅಂಗೈ ನಡುವೆ ಅಂಚಿನಲ್ಲಷ್ಟೇ ಹಿಡಿಯುತ್ತಿದ್ದರು. ಸಾಲಿಗ್ರಾಮದ ಮದುವೆಯೊಂದರಲ್ಲಿ ಗಂಡಿನ ಸೋದರಮಾವ ಊಟದ ಕೈಯಲ್ಲೇ ಪ್ಲೇಟು ಮುಟ್ಟಿದ ಅಂತ, ಹೆಣ್ಣಿನ ಕಡೆಯವರು ಎಷ್ಟು ಕೇಳಿಕೊಂಡರೂ ಕೇಳದೆ, ಧಾರೆ ಹೊತ್ತಿಗೆ ಹಾರ್ನು ಬಿಚ್ಚಿಕೊಂಡು ಬಂದಿದ್ದರಂತೆ. ತಿಕ್ಕಲು ಅನ್ನುತ್ತಿದ್ದರು ಜನ. ನಾನೂ ಅನ್ನುತ್ತಿದ್ದೆ, ಸುಳ್ಳೇಕೆ.

ನನಗೆ ಹತ್ತೊಂಬತ್ತು ಆದಾಗಿನ ಮಾತು. ಹೊಗೆಸೊಪ್ಪಿನ ಕಾಲ. ಸೊಪ್ಪು ಮುರಿಯಲು, ಕಡ್ಡಿಗೆ ಕಟ್ಟಲು ಹಾಡಿಯಿಂದ ಹೆಂಗಸರು ನಮ್ಮೂರಿಗೆ ಬಂದಿದ್ದರು. ಸೊಪ್ಪು ಹದ ಮಾಡುವ ಬ್ಯಾರನ್ನಿನ ನೆರಳಲ್ಲಿ ಕೂತು ಸೊಪ್ಪು ಕಟ್ಟುತ್ತ ಅವರು ಹಾಡಿಕೊಳ್ಳುತ್ತಿದ್ದರು. ಮೈಕ್‌ಸೆಟ್ ಅಣ್ಣ ಒಂದು ದಿನ ಅದನ್ನು ಕೇಳಿ ಬಂದವರು ಸೀದಾ ನಮ್ಮ ಅಂಗಡಿಗೆ ನುಗ್ಗಿದರು. "ಅಕ್ಕೋ, ಭಾನ್ವಾರ ನಿಮ್ ಅಂಗ್ಡಿ ಬೇಕು ಕಣಕ್ಕ," ಎಂದು ಅಮ್ಮನನ್ನು ಕೇಳಿದರು. ನಮ್ಮಲ್ಲಿ ಗೋಡೆ ತುಂಬ ಬಟ್ಟೆ ಇತ್ತಲ್ಲ, ಸದ್ದು ಗುಂಯ್ ಅನ್ನುವುದಿಲ್ಲವಂತೆ.

ಭಾನುವಾರ ಐದು ಜನ ಹೆಂಗಸರು ಬಂದರು. ಅವರಲ್ಲಿ ಮುಂದಾಗಿ ಹಾಡುವವಳ ಕಂಕುಳಲ್ಲಿ ಎರಡು ವರ್ಷದ ಮಗಳು. ಮೈಕು ಇಟ್ಟದ್ದೇ ತಡ, ಬೀದಿಯಿಂದ ಯಾವನೋ ಬಂದು ಅದಕ್ಕೆ ಬಾಯಿಟ್ಟು ಹಲೋ ಹಲೋ ಎಂದು ಊದಿದ. ಮೈಕ್‌ಸೆಟ್ ಅಣ್ಣ ಅವನ ರಟ್ಟೆ ಹಿಡಿದು ಹೊರಗೆ ಎಳೆದರು. "ಬಾಯಾಕ್ಬ್ಯಾಡ ಕಣ್ಲಾ! ಈಗ ಆ ಯಮ್ಮ ಅಲ್ಲೇ ಬಾಯಿಟ್ಟು ಆಡ್ಬೇಕು. ಎಂಜ್ಲು ಮಾಡ್ತೀಯಾ?"

ಅವನು ನಕ್ಕ. ಬಾಗಿಲಲ್ಲಿ ನಿಂತಿದ್ದವರೂ ನಕ್ಕರು. ಹಾಡಿಯವರಿಗೆ ಟೀಯನ್ನು ಬೇರೆ ಲೋಟದಲ್ಲಿ ಕೊಡುತ್ತಿದ್ದ ಊರದು. ಅವರ ಬಾಯಿಗೆ ನಮ್ಮ ಎಂಜಲು ತಾಗಬಾರದು ಎಂದು ಯೋಚಿಸಿದ ಮನುಷ್ಯನನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅವರು ಟವೆಲ್ಲಿನಿಂದ ಮೈಕನ್ನು ಒರೆಸಿ ಆಕೆಯ ಮುಂದಿಟ್ಟರು. ಕ್ಯಾಸೆಟ್ ತಿರುಗಲು ಬಿಟ್ಟರು. ಟಕ್ ಟಕ್... ಟಕ್. ಆಕೆ ಹಾಡಿದಳು. ಆ ಹೊತ್ತಿನಲ್ಲಿ ನಾನು ಮಿಷನ್ ತುಳಿಯುವಂತಿರಲಿಲ್ಲ, ಸುಮ್ಮನೆ ಚಕ್ರದ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ.

ಮುಗಿದ ಮೇಲೆ ಊರಿನ ದೊಡ್ಡವರೊಬ್ಬರು ನಾವೂ ಕೇಳೋಣ ಎಂದು ಮುಂದೆ ಬಂದರು. ಮೈಕ್‌ಸೆಟ್ ಅಣ್ಣ ಅವರಿಗೆ ಕುರ್ಚಿ ಹಾಕಿದರು, ಆದರೆ ಹಾಡನ್ನು ಮೊದಲು ಅವರಿಗೆ ಕೇಳಿಸಲಿಲ್ಲ. "ಆಡ್ದೋರು ಮೊದ್ಲು ಕೇಳ್ಬೇಕು ಕಣ್ರೀ. ಆಮ್ಯಾಕೆ ನಾವು." ಆ ಹೆಂಗಸು ತನ್ನದೇ ದನಿ ಕೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು.

ಅವತ್ತು ನಾನೇ ಜಾಣೆಯ ಹಾಗೆ, "ಅಣ್ಣ, ಮುಂದಿನ ಆ ಟಕ್ ಟಕ್ ಅಳಿಸ್ಬುಡಿ, ಹಾಡು ಚೆನ್ನಾಗಿರ್ತದೆ," ಎಂದಿದ್ದೆ. "ಇರ್ಲಿ ಬುಡವ್ವ," ಎಂದರು, ಹಾಡಿದವರ ಎದುರಿಗೇ. "ಬಾಗ್ಲು ಬಡೀದೆ ಇನ್ನೊಬ್ರ ಮನೆ ಒಳಿಕ್ಕೋಗಕ್ಕಾದದಾ?" ಹಾಡಿದ ಐವರಿಗೂ ಒಂದೊಂದು ಕ್ಯಾಸೆಟ್ ಮಾಡಿಕೊಟ್ಟರು. ಹಾಡಿಯಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ. ಆದರೂ ಕೊಟ್ಟರು.

ಆಮೇಲೆ ನನ್ನ ಮದುವೆಯಾಯಿತು, ಹುಣಸೂರಿಗೆ ಬಂದೆ. ಊರಿಗೆ ಡಿಜೆ ಬಂತು. ಮೈಕ್‌ಸೆಟ್ ಅಣ್ಣನ ಹಾರ್ನುಗಳು ಅಟ್ಟ ಸೇರಿದವು ಅಂತ ಕೇಳಿದೆ. ಒಂದು ಸಲ ಹೋಗಿ ಮಾತಾಡಿಸಬೇಕು ಅಂದುಕೊಂಡೇ ವರ್ಷಗಳು ಹೋದವು... ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ತಿಥಿಯೂ ಕಳೆದ ಮೇಲೆ. 

ಈಗ ಆಲ್ಬಮ್ಮಿನಲ್ಲಿ ಹಾಡಿರುವವಳು ಅಂದು ಕಂಕುಳಲ್ಲಿದ್ದ ಮಗಳು. ತಾಯಿ ಟ್ರಂಕಿನಲ್ಲಿ ಜೋಪಾನ ಮಾಡಿದ್ದ ಕ್ಯಾಸೆಟ್ಟನ್ನು ಅವಳೇ ಕೊಟ್ಟದ್ದು ಎಂದು ಬ್ಯಾಂಡಿನವರು ಆಮೇಲೆ ಹೇಳಿದರು. ಎರಡನೇ ಮಗ್ಗುಲಿನಲ್ಲಿ ಮೊದಲು ತಾಯಿಯ ಹಳೇ ದನಿ ಬರುತ್ತದೆ, ಅದರ ಬಾಲ ಹಿಡಿದು ಮಗಳು ಹಾಡುತ್ತಾಳೆ. ಕವರಿನ ಮೇಲೆ ಹಳೆಯ ಕ್ಯಾಸೆಟ್ಟಿನಿಂದ ಎಂದಷ್ಟೇ ಬರೆದಿದೆ. ಈಗ ಆ ಮೂರು ಬಡಿತಗಳನ್ನೂ ತೆಗೆದರೆ ಮೈಕ್‌ಸೆಟ್ ಅಣ್ಣ ಈ ಭೂಮಿಯ ಮೇಲೆ ಇದ್ದರು ಅನ್ನುವುದಕ್ಕೆ ಏನು ಉಳಿಯುತ್ತದೆ?

ಪಿರಿಯಾಪಟ್ಟಣದ ತಮ್ಮನಿಗೆ ಎಲ್ಲ ಹೇಳಿದೆ. ಅವನು ಬಗ್ಗಿ ಇನ್ನೆರಡು ಸಲ ಕೇಳಿದ. "ಅಕ್ಕ, ಗೀಟು ಬಿದ್ದಿದ್ರೆ ಪ್ಲೇಟು ಒಂದೊಂದು ಸುತ್ತು ಸುತ್ದಾಗ್ಲೂ ಒಂದೇ ಅಳ್ತೇಲಿ ಬರ್ಬೇಕಿತ್ತು. ಇದು ಮೂರೇ ಸಲ, ಅದೂ ನಡುವೆ ಗ್ಯಾಪ್ ಕೊಟ್ಟು. ಇದು ಮನ್ಸ ಬಡ್ದಿರೋದೇ ಕಣಕ್ಕ," ಎಂದ. ನಾನು ಗ್ರೂಪಿನಲ್ಲಿ ಬರೆಯುವ ಗೋಜಿಗೆ ಹೋಗದೆ, ಸೂಜಿ ಚುಚ್ಚದಿರಲೆಂದು ಬೆರಳಿಗೆ ಹಾಕುವ ಅಂಗುಸ್ತಾನದಿಂದ ಮೇಜಿನ ಮೇಲೆ ಹಾಗೇ ಬಡಿದು, ಎಂಜಲಿನ ಕತೆಯನ್ನು ಬಾಯಲ್ಲೇ ಹೇಳಿ, ವಾಯ್ಸ್ ಮೆಸೇಜ್ ಮಾಡಿ ಗ್ರೂಪಿಗೂ ಬ್ಯಾಂಡಿನವರಿಗೂ ಕಳಿಸಿದೆ. ಹಾಡಿನ ಬಾಗಿಲನ್ನು ಕಿತ್ತು ಹಾಕಬೇಡಿ ಎಂದೂ ಹೇಳಿದೆ. ಸ್ವಲ್ಪ ಜೋರಾಗಿಯೇ ಹೇಳಿದೆ. ಕೋಟೆಯ ನರ್ಸಮ್ಮ ಮೊದಲು ತನ್ನ ದೂರು ವಾಪಸ್ ತೆಗೆದುಕೊಂಡಳು, ಉಳಿದವರು ಹಿಂದೆ ಬಂದರು.

ಎರಡು ದಿನಕ್ಕೆ ಬ್ಯಾಂಡಿನವರು ಫೋನ್ ಮಾಡಿದರು. ಬಡಿತ ಹಾಗೇ ಇರುತ್ತದೆ, ಅವರ ಹೆಸರು ಹೇಳಿ, ಕವರಿನ ಮೇಲೆ ಹಾಕುತ್ತೇವೆ ಎಂದರು. ಅಕ್ಷರ ಅಕ್ಷರ ಬಿಡಿಸಿ ಹೇಳಿದೆ. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಪ್ಲೇಟಿನ ಮೇಲೆ ಅಚ್ಚಾಗಿ ಬರುತ್ತಿದೆ, ಬೇಕಾದವರು ಅಲ್ಲಿ ಓದಿಕೊಳ್ಳಲಿ.

ಒಂದು ಕೆಲಸ ಬಾಕಿಯಿತ್ತು. ನಾಲ್ಕು ತಾಲ್ಲೂಕಿನವರೂ ಕೇಳಿದ್ದೆವು, ಅಂದು ಹಾಡಿದ ತಾಯಿಯೇ ಕೇಳಿರಲಿಲ್ಲ. ಬ್ಯಾಂಡಿನವರು ಮಗಳಿಗೆ ಪ್ಲೇಟು ಕೊಟ್ಟಿದ್ದರು, ಹಾಕಿ ಕೇಳಲು ಅವರ ಮನೆಯಲ್ಲಿ ಏನಿದೆ? ಮೊಬೈಲಿನಲ್ಲಿ ಕೇಳಿದ್ದಾರೆ, ಅದರಲ್ಲಿ ಬಡಿತವಿಲ್ಲ. ಕಳೆದ ಭಾನುವಾರ ನಾನೂ ಪಿರಿಯಾಪಟ್ಟಣದ ತಮ್ಮನೂ ಪ್ಲೇಯರನ್ನು ನನ್ನ ಹಳೇ ಸೀರೆಯಲ್ಲಿ ಸುತ್ತಿ ಆಟೋದಲ್ಲಿ ಹಾಡಿಗೆ ಒಯ್ದೆವು.

ತಾಯಿ ಈಗ ಮುದುಕಿ, ಹೊರಜಗುಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ನನ್ನ ಗುರುತು ಸಿಗಲಿಲ್ಲ. ಮಗಳು ವೈರು ಎಳೆದು ಕೊಟ್ಟಳು. ಮುಳ್ಳು ಇಟ್ಟೆ. ಟಕ್ ಟಕ್. ಆ ಬಿಡುವಿನಲ್ಲೇ ಮುದುಕಿಯ ಬೆನ್ನು ನೆಟ್ಟಗಾಯಿತು. ಮೂರನೆಯ ಬಡಿತಕ್ಕೆ ಸೆರಗು ಬಾಯಿಗೆ ಹೋಯಿತು. ಹಾಡು ಮುಗಿಯುವ ತನಕ ಅವರು ಕಣ್ಣು ಮಿಟುಕಿಸಲಿಲ್ಲ.

"ಮೈಕಣ್ಣ ಎಲ್ಲವ್ನೆ? ಕರ್ಕಂಡ್ ಬರ್ನಿಲ್ವಾ?" ಎಂದು ಕೇಳಿದರು.

"ಇಲ್ಲ ಕಣವ್ವ. ತೀರ್ಕೊಂಡ್ರು... ಆಗ್ಲೇ ವರ್ಷಾಯ್ತು," ಎಂದೆ. 

ಮುದುಕಿ ಪ್ಲೇಯರನ್ನು ನೋಡಿದರು, ನನ್ನನ್ನು ನೋಡಿದರು. "ಈಗಿನ್ನೂ ಬಾಗ್ಲು ಬಡುದ್ನಲ್ಲ," ಎಂದರು. ಪಕ್ಕಕ್ಕೆ ಸರಿದು ಜಗುಲಿಯ ಮೇಲೆ ಒಬ್ಬರು ಕೂರುವಷ್ಟು ಜಾಗ ಬಿಟ್ಟರು. "ಆಕು, ಇನ್ನೊಂದ್ಸಲ."

ನಾನು ಮುಳ್ಳನ್ನು ಎತ್ತಿ ಮತ್ತೆ ಮೊದಲಿಗೆ ಇಟ್ಟೆ.