ಎಡೆ ಇಟ್ಟ ಮೇಲೆ ಎದ್ದು ಬಂದ ಕ್ಯಾಪ್ಟನ್

"ಎಡಿ ಇಟ್ಟು ಕಳಿಸೀನಿ, ಮತ್ತ ಹೆಂಗ ಬಂದ ಇಂವ?" ನಮ್ಮತ್ತೆ ಸಿಟ್ಟಿನಿಂದ ರಿಮೋಟ್ ಕುಕ್ಕಿದರು.

ಹರಪನಹಳ್ಳಿಯ ನಮ್ಮ ಮನೆಯಲ್ಲಿ ನಾವಿಬ್ಬರೂ ತಪ್ಪದೆ ನೋಡುವ ಬಾಹ್ಯಾಕಾಶದ ಧಾರಾವಾಹಿಯಲ್ಲಿ, ನೌಕೆಯ ಮುದಿ ಕ್ಯಾಪ್ಟನ್ ಸತ್ತು ಮೂರು ದಿನವಾಗಿತ್ತು. ಸತ್ತವರಿಗೆ ಇಷ್ಟವಾದದ್ದನ್ನು ಮೂರನೇ ದಿನ ಎಡೆ ಇಡುವುದು ನಮ್ಮಲ್ಲಿ ವಾಡಿಕೆ. ಅವನು ಸದಾ ಕುಡಿಯುತ್ತಿದ್ದ ಕರಿ ಚಹಾವನ್ನು ಅತ್ತೆ ಬೆಳಿಗ್ಗೆಯೇ ಟಿವಿ ಮುಂದೆ ಇಟ್ಟಿದ್ದರು. ಸಂಜೆ ಅವನು ಗಾಜಿನ ಪೆಟ್ಟಿಗೆಯಿಂದ ಆಕಳಿಸುತ್ತ ಎದ್ದು ಬಂದ. ಇವನು ಯಂತ್ರದಲ್ಲಿ ತಯಾರಾದ ತದ್ರೂಪಿ ಅಂತೆ. ನನಗೂ ರೇಗಿತು.

ಟಿವಿ ಆರಿಸಿ ಅತ್ತೆ ತೀರಿಹೋದ ಮಾವನ ಫೋಟೊ ಕಡೆ ತಿರುಗಿದರು. "ಇಂವ ಹೊಳ್ಳಿ ಬಂದ ನೋಡ್ರಿ. ನೀವ್ಯಾಕ ಬರ್ಲಿಲ್ಲ?"

ಬೇಕಾದಾಗ ಕೊಂದು ಬೇಕಾದಾಗ ಎಬ್ಬಿಸುವ ಕಥೆಗಾರರೇ, ಈ ಮಾತಿಗೆ ನೀವೇ ಬಂದು ಉತ್ತರ ಹೇಳಿ.